ಗಾಜಿನ ಮೇಲೆ ಜಾರಿದ ಕೈ

ಮಾರ್ಚ್ 4, ಮಂಗಳವಾರ

ಎಂಟು ಮುಕ್ಕಾಲಿಗೆ ಹೊರಟೆವು. ಎಂದಿನ ಹಾಗೆ ಐದು ನಿಮಿಷ ಲೇಟು, ಎಂದಿನ ಹಾಗೆ ತಪ್ಪು ನನ್ನದು. ಗೇಟು ದಾಟುವ ಮೊದಲೇ ನನ್ನವಳ ಕೈ ಕಾರಿನ ರೇಡಿಯೋ ಮೇಲೆ. ಒಂದು ಸುತ್ತು ತಿರುಗಿಸಿದರೆ ವಾರ್ತೆ, ಇನ್ನರ್ಧ ತಿರುಗಿಸಿದರೆ ಹಳೆಯ ಹಾಡು. ಆಮೇಲೆ ಫ್ಯಾನು, ಎರಡನೇ ನಂಬರಿಗೆ. ಆಮೇಲೆ ಕಿಟಕಿ ಗಾಜು, ನಾಲ್ಕು ಬೆರಳಿನಷ್ಟು ಕೆಳಕ್ಕೆ. ನಾನು ಇದರಲ್ಲಿ ಯಾವುದಕ್ಕೂ ಕೈ ಹಾಕುವಂತಿಲ್ಲ.

"ನೀವು ರೋಡ್ ನೋಡ್ಕೊಳ್ಳಿ. ಉಳಿದಿದ್ದೆಲ್ಲ ನನ್ನ ಡಿಪಾರ್ಟ್‌ಮೆಂಟು."

ಅವಳಿಗೆ ಕಣ್ಣು ಪೂರ್ತಿ ಹೋಗಿ ಒಂಬತ್ತು ವರ್ಷ. ಆದರೂ ಮಂಗಳವಾರ, ಶುಕ್ರವಾರ ಹೊಲಿಗೆ ಕ್ಲಾಸಿಗೆ ಹೋಗಿ ಕಾಜಾ ಹಾಕುವುದು, ಅಂಚು ಮಡಚುವುದು ಹೇಳಿಕೊಡುತ್ತಾಳೆ. ಇಪ್ಪತ್ತೈದು ನಿಮಿಷದ ದಾರಿ. ಅವಳನ್ನು ಬಿಟ್ಟು ನಾನು ಆಫೀಸಿಗೆ ಹೋಗಿ ಕಟ್ಟಡಗಳ ನಕ್ಷೆ ಬರೆಯುತ್ತೇನೆ. ಇದು ನಮ್ಮ ವಾರ.

ಕಾಲಡಿಯ ಮ್ಯಾಟ್ ಒದ್ದೆ. ಕೆಳಗಿನ ತಗಡು ತುಕ್ಕು ತಿಂದು ತೂತಾಗಿದೆ ಅಂತ ಕಾಣುತ್ತೆ. ಗ್ಯಾರೇಜಿನ ಮೇಸ್ತ್ರಿಗೆ ತೋರಿಸಬೇಕು.

ಮಾರ್ಚ್ 8, ಶನಿವಾರ

ಮೇಸ್ತ್ರಿ ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟ. ಬೆರಳಿನಿಂದ ತಗಡು ತಟ್ಟಿದ, ತುಕ್ಕಿನ ಪುಡಿ ಉದುರಿತು. ಈ ಕಾರನ್ನು ಹದಿನಾರು ವರ್ಷದಿಂದ ನೋಡಿಕೊಂಡವನು ಅವನು.

"ಸಾರ್, ಇಂಜಿನ್ ಕುದುರೆ. ಆದ್ರೆ ನೆಲವೇ ಇಲ್ಲ. ಇನ್ನೊಂದು ಸಲ ಹಳ್ಳಕ್ಕೆ ಇಳಿಸಿದ್ರೆ ಸೀಟು ಅಲ್ಲೇ ಉಳ್ಕೊಳುತ್ತೆ, ಅಕ್ಕಾವ್ರೂ ಅಲ್ಲೇ ಉಳ್ಕೋತಾರೆ."

ವೆಲ್ಡಿಂಗ್? ವೆಲ್ಡಿಂಗ್ ಹಿಡಿಯಲು ಒಳ್ಳೆಯ ತಗಡು ಬೇಕಂತೆ. ಅದೇ ಇಲ್ಲ.

ಸಂಜೆ ಬಾಮೈದ ಬಂದಿದ್ದ. ಅವಳ ತಮ್ಮ, ಜೆರಾಕ್ಸ್ ಅಂಗಡಿಯವನು. ಇನ್ನೊಂದು ಕಂಪನಿಯ ಕಾರು ಇಟ್ಟಿದ್ದಾನೆ. ಆ ಕಂಪನಿಗೆ ಮೂವತ್ತು ವರ್ಷದ ಹಿಂದೆ 'ಡಬ್ಬ ಕಂಪನಿ' ಅಂತ ಹೆಸರಿಟ್ಟವನು ನಾನು. ಬಾಗಿಲು ಹಾಕಿದರೆ ಎಣ್ಣೆ ಡಬ್ಬದ ಸದ್ದು, ಅದಕ್ಕೇ.

"ಈಗಲಾದ್ರೂ ನಮ್ಮ ಡಬ್ಬ ತಗೊಳ್ಳಿ ಭಾವ."

"ನಿನ್ನ ಡಬ್ಬದಲ್ಲಿ ಕೂರೋ ಬದಲು ನಡ್ಕೊಂಡು ಹೋಗ್ತೀನಿ."

ನನ್ನವಳು ನಕ್ಕಳು. ನಾನು ಹೇಳಿದ್ದು ತಮಾಷೆಗೇನಲ್ಲ. ಮದುವೆಯಾದ ವರ್ಷ ಮೊದಲ ಕಾರು – ಈ ಕಾರಿನ ಕಂಪನಿಯದೇ, 'ನಮ್ಮ ಕಂಪನಿ' ಎಂದೇ ನಮ್ಮ ಮಾತು. ಎರಡನೆಯದು, ಮೂರನೆಯದು – ಅದೇ. ಒಂದಕ್ಕೂ ಟೆಸ್ಟ್ ಡ್ರೈವ್ ಕೇಳಿದವನಲ್ಲ. ಟೆಸ್ಟ್ ಡ್ರೈವ್ ಅನುಮಾನ ಇರುವವರಿಗೆ. ಬಣ್ಣ ಬದಲಾಯಿತು, ಲೈಟಿನ ಆಕಾರ ಬದಲಾಯಿತು, ಆದರೆ ರೇಡಿಯೋ ಇದ್ದಲ್ಲೇ, ಅದರ ಕೆಳಗೆ ಫ್ಯಾನು, ಅದರ ಪಕ್ಕ ಬಿಸಿಗಾಳಿ. ಕಣ್ಣು ಮಂಜಾಗುತ್ತ ಬಂದ ಆ ವರ್ಷಗಳಲ್ಲಿ ಅವಳು ಮನೆಯ ಸ್ವಿಚ್ಚುಗಳನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. ಕಾರು ಮಾತ್ರ ಕಲಿಯುವುದೇ ಇರಲಿಲ್ಲ. ಕೈಗೆ ಬಾಯಿಪಾಠ ಆಗಿತ್ತು.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3

ಊಟದ ಬಿಡುವಿನಲ್ಲಿ ಒಬ್ಬನೇ ನಮ್ಮ ಕಂಪನಿಯ ಶೋರೂಮಿಗೆ ಹೋದೆ. ಬುಕ್ ಮಾಡಿಬಿಟ್ಟೆ! ಅವಳಿಗೆ ಹೇಳಿಲ್ಲ, ಮನೆಗೆ ಬಂದ ದಿನವೇ ಗೊತ್ತಾಗಲಿ.

ಒಳಗೆ ಕೂತರೆ ಮುಂದೆ ಹನ್ನೆರಡು ಇಂಚಿನ ಸ್ಕ್ರೀನು. ಬಟನ್ನೇ ಇಲ್ಲ, ತಿರುಗಿಸುವುದೂ ಇಲ್ಲ. ಎಲ್ಲ ಅದರಲ್ಲೇ. ಸ್ವಲ್ಪ ಕಸಿವಿಸಿ ಆಯಿತು, ನಿಜ. ಶೋರೂಮಿನ ಮೇಡಮ್ಮು ಒಳ್ಳೆಯವರು, ನನ್ನ ಹಳೆಯ ಮೂರು ಕಾರುಗಳ ವಿವರ ಕಂಪ್ಯೂಟರಿನಲ್ಲಿ ನೋಡಿ ಎದ್ದು ನಿಂತರು.

"ನಿಮ್ಮಂಥ ಕಸ್ಟಮರ್ ನಮಗೆ ಫ್ಯಾಮಿಲಿ ಇದ್ದ ಹಾಗೆ ಸಾರ್."

ಉಬ್ಬಿಹೋದೆ. ಹೊಗಳಿಕೆಗೆ ಹೊನ್ನಶೂಲ ಏರುವ ಜಾತಿ ನಾನು. ಎಷ್ಟು ಚಂದ ಬೆಳಗುತ್ತಿತ್ತು ಆ ಸ್ಕ್ರೀನು! ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದು. ತುಕ್ಕು ನೋಡಿದರೂ ಬೇಡ ಅನ್ನಲಿಲ್ಲ.

ಮಾರ್ಚ್ 29, ಶನಿವಾರ

ಕಾರು ಮನೆಗೆ ಬಂತು.

ಬೆಳಿಗ್ಗೆಯೇ ಹೇಳಿದ್ದೆ. ಹಳೆಯದನ್ನು ಕಳಿಸುವ ಮೊದಲು ಅವಳು ಒಳಗೆ ಹತ್ತು ನಿಮಿಷ ಕೂತಿದ್ದಳು. ಬಿಟ್ಟುಬಿಟ್ಟೆ, ಅವಳಿಗೂ ಆ ಕಾರಿಗೂ ಏನೋ ಮಾತಿರಬಹುದು ಎಂದುಕೊಂಡು. ಮಧ್ಯಾಹ್ನ ಹೊಸದರ ಬಾಗಿಲು ತೆಗೆದು, ಕೈ ಹಿಡಿದು ಕೂರಿಸಿದೆ. ಸೀಟು ಒತ್ತಿ ನೋಡಿದಳು. ಬಾಗಿಲು ಎಳೆದುಕೊಂಡಳು, ಸದ್ದು ಕೇಳಿ ತಲೆದೂಗಿದಳು. "ನಮ್ಮ ಕಂಪನಿ ಬಾಗಿಲು ಅಂದ್ರೆ ಬಾಗಿಲು."

ಆಮೇಲೆ ಕೈ ಎತ್ತಿ ರೇಡಿಯೋ ಇರಬೇಕಾದಲ್ಲಿಗೆ ಚಾಚಿದಳು.

ಗಾಜು. ಕೈ ಜಾರಿತು. ಇನ್ನೊಂದು ಚೂರು ಕೆಳಗೆ ನೋಡಿದಳು, ಗಾಜು. ಪಕ್ಕಕ್ಕೆ, ಗಾಜು. ಐದು ಬೆರಳೂ ಅಗಲಿಸಿ ಆ ಕಡೆಯಿಂದ ಈ ಕಡೆಗೆ ಒಮ್ಮೆ ಸವರಿದಳು. ಸ್ಕ್ರೀನು ಒಂದರ ಮೇಲೊಂದು ಏನೇನೋ ತೋರಿಸಿತು. ಅವಳಿಗೆ ಅದೂ ಗೊತ್ತಿಲ್ಲ.

"ರೀ, ಎಲ್ಲಿದೆ?"

"ಎಲ್ಲ ಅದರಲ್ಲೇ ಇದೆ ಕಣೇ."

"ಹೂಂ," ಅಂದಳು. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಚೆನ್ನಾಗಿದೆ. ಸೀಟು ಮೆತ್ತಗಿದೆ."

ಶೋರೂಮಿನಲ್ಲಿ ಅರ್ಧ ಗಂಟೆ ಕೂತಿದ್ದೆ. ಒಂದು ಸಲ, ಒಂದೇ ಒಂದು ಸಲ ಕಣ್ಣು ಮುಚ್ಚಿ ಕೈ ಚಾಚಿ ನೋಡಬೇಕು ಎಂದು ಹೊಳೆಯಲಿಲ್ಲ. ಹಗಲಲ್ಲಿ ಕಣ್ಣು ಬಿಟ್ಟುಕೊಂಡೇ ಬಾವಿಗೆ ಬಿದ್ದೆ.

ಏಪ್ರಿಲ್ 1, ಮಂಗಳವಾರ

ಮಾತಾಡಿದರೆ ಕೇಳುತ್ತದಂತೆ ಕಾರು. ಮೇಡಮ್ಮು ಫೋನಿನಲ್ಲಿ ಹೇಳಿದರು. ಕ್ಲಾಸಿಗೆ ಹೋಗುವಾಗ ಪ್ರಯತ್ನ.

ಅವಳು: "ರೇಡಿಯೋ ಹಾಕು."

ಕಾರು: ಕ್ಷಮಿಸಿ, ಅರ್ಥವಾಗಲಿಲ್ಲ.

"ರೇ-ಡಿ-ಯೋ."

ಹತ್ತಿರದ ಟೈರ್ ಅಂಗಡಿಗೆ ದಾರಿ ತೋರಿಸಲೇ?

"ಬೇಡಪ್ಪ, ತೆಪ್ಪಗಿರು."

ಅದಕ್ಕೂ ಕ್ಷಮೆ ಕೇಳಿತು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಇಪ್ಪತ್ತು ನಿಮಿಷ ಕಾರಿನಲ್ಲಿ ಸದ್ದಿಲ್ಲ. ರೇಡಿಯೋ ನಾನೇ ಹಾಕಬಹುದಿತ್ತು. ಹಾಕಲು ಮನಸ್ಸು ಬರಲಿಲ್ಲ, ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ.

ಏಪ್ರಿಲ್ 5

ಕಂಪನಿಗೆ ಇ-ಮೇಲ್ ಬರೆದೆ. ಮೂವತ್ತೊಂದು ವರ್ಷದ ಗಿರಾಕಿ ಎಂದು ಬರೆದೆ. ಹೆಂಡತಿಗೆ ಕಣ್ಣಿಲ್ಲ, ಮೂರು ತಿರುಗಿಸುವ ಬಟನ್ ಕೊಡಿ ಸಾಕು, ನಿಮ್ಮ ಸ್ಕ್ರೀನು ನೀವೇ ಇಟ್ಟುಕೊಳ್ಳಿ ಎಂದು ಬರೆದೆ. ಕೊನೆಯ ವಾಕ್ಯ ಅಳಿಸಿದೆ. ಮತ್ತೆ ಸೇರಿಸಿದೆ. ಕಳಿಸಿದೆ.

ಏಪ್ರಿಲ್ 8

ಉತ್ತರ ಬಂತು. ನನ್ನ ಅಭಿಪ್ರಾಯ ಅವರಿಗೆ ಅಮೂಲ್ಯವಂತೆ. ಜೊತೆಗೆ ಧ್ವನಿ ಆದೇಶದ ಕೈಪಿಡಿ, ನಲವತ್ತು ಪುಟ. ಕೆಳಗೆ: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ಹತ್ತಿದ ಏಣಿ ಒದೆಯುವವರು ಅಂತ ಕೇಳಿದ್ದೆ. ನಾನೇ ಏಣಿ ಆಗಿದ್ದೆ ಎಂದು ಈಗ ಗೊತ್ತಾಯಿತು.

ಏಪ್ರಿಲ್ 9, ಬುಧವಾರ

ಸಿಟ್ಟು ಬಂದರೆ ಸ್ಕೇಲು ಹಿಡಿಯುವವನು ನಾನು. ಇವತ್ತು ಕಾರಿನಲ್ಲಿ ಕೂತು ಸ್ಕ್ರೀನನ್ನು ಉದ್ದಗಲ ಅಳೆದೆ. ಯಾವ ಚಿತ್ರ ಎಲ್ಲಿ, ಅಂಚಿನಿಂದ ಎಷ್ಟು ದೂರ – ಎಲ್ಲ ಗುರುತು ಹಾಕಿಕೊಂಡೆ. ದಪ್ಪ ರಟ್ಟಿನಲ್ಲಿ ಅಷ್ಟೇ ಅಳತೆಯ ಸ್ಕ್ರೀನು ಕತ್ತರಿಸಿದೆ. ಚಿತ್ರ ಇರುವ ಕಡೆ ಚೌಕಾಕಾರಕ್ಕೆ ದಾರ ಅಂಟಿಸಿದೆ, ಬೆರಳಿಗೆ ತಾಗಲಿ ಎಂದು. ಕೆಳ ಅಂಚಿಗೆ ಗುರುತಿಗಾಗಿ ಮೂರು ಅಂಗಿ ಗುಂಡಿ ಬೇಕಿತ್ತು. ಅವಳ ಗುಂಡಿ ಡಬ್ಬಿ ತೆಗೆದೆ.

ಬಿಳಿ, ಕಪ್ಪು, ಹಿತ್ತಾಳೆ, ಕೋಟಿನ ದೊಡ್ಡವು... ಅವುಗಳ ಮಧ್ಯೆ ಹಳೆಯ ಕಾರಿನ ರೇಡಿಯೋ ತಿರುಗಣಿ. ಅಂಚು ಸವೆದು ನುಣುಪಾಗಿದೆ. ಆ ಹತ್ತು ನಿಮಿಷದಲ್ಲಿ ಕಿತ್ತಿಟ್ಟುಕೊಂಡಿದ್ದಾಳೆ!

ಮೆಲ್ಲಗೆ ವಾಪಸ್ ಇಡುವಾಗ ಒಳಗಿನ ಕೋಣೆಯಿಂದ ಅವಳ ದನಿ: "ಅದನ್ನ ಅಲ್ಲೇ ಇಡಿ. ನಿಮಗೆ ಬೇಕಾಗಿರೋದು ನಾಲ್ಕು ತೂತಿನವು, ಮೇಲೇ ಇವೆ." ಡಬ್ಬಿಯ ಸದ್ದಿನಲ್ಲೇ ಎಲ್ಲ ತಿಳಿಯುತ್ತದೆ ಅವಳಿಗೆ.

ಏಪ್ರಿಲ್ 13, ಭಾನುವಾರ

ಊಟದ ಮೇಜೇ ಕಾರು. ನಾನು ಚಾಲಕ, ಅವಳು ಪಕ್ಕದಲ್ಲಿ, ಮುಂದೆ ರಟ್ಟು.

"ರೇಡಿಯೋ?"

"ಮೊದಲನೇ ಗುಂಡಿಯಿಂದ ನಾಲ್ಕು ಬೆರಳು ಮೇಲೆ."

"ಫ್ಯಾನು?"

"ಮೂರನೇದರಿಂದ ಎರಡು ಬೆರಳು. ನೀವು ಬ್ರೇಕ್ ಹಾಕಿ, ಮುಂದೆ ಉಪ್ಪಿನ ಡಬ್ಬಿ ಇದೆ."

ಬೆರಳಿನಲ್ಲಿ ಅಳೆದು ಬಟ್ಟೆ ಹೊಲಿದ ಕೈ. ನಾಲ್ಕು ಬೆರಳು ಅಂದರೆ ನಾಲ್ಕೇ ಬೆರಳು, ಕೂದಲಷ್ಟು ಆಚೀಚೆ ಇಲ್ಲ. ಬಾಮೈದ ಕಾಫಿ ಕುಡಿಯುತ್ತ ನೋಡುತ್ತಿದ್ದ. "ಭಾವ, ಇದರ ಮೈಲೇಜ್ ಎಷ್ಟು?" ಎಂದ. ಉಪ್ಪಿನ ಡಬ್ಬಿ ತೋರಿಸಿದೆ, ಅಲ್ಲಿಯ ತನಕ ಎಂದು.

ಏಪ್ರಿಲ್ 18, ಶುಕ್ರವಾರ

ಬಂತು!

ನಿನ್ನೆ ಕಾರಿನ ಸ್ಕ್ರೀನಿನ ಕೆಳ ಅಂಚಿಗೆ ಅವೇ ಮೂರು ಗುಂಡಿ ಅಂಟಿಸಿದ್ದೆ. ಹೊಚ್ಚ ಹೊಸ ಕಾರಿಗೆ ಅಂಗಿ ಗುಂಡಿ! ನಾಚಿಕೆ ಬಿಟ್ಟೆ. ಗೇಟು ದಾಟಿದೆವು. ಕೈ ಚಾಚಿದಳು, ಗುಂಡಿ ಮುಟ್ಟಿದಳು, ನಾಲ್ಕು ಬೆರಳು ಅಳೆದಳು, ಒತ್ತಿದಳು. ವಾರ್ತೆ. ಇನ್ನೊಂದು ಒತ್ತು. ಹಳೆಯ ಹಾಡು. ಫ್ಯಾನು ಎರಡಕ್ಕೆ.

ಮುಖ ನನ್ನ ಕಡೆ ತಿರುಗಿಸಿದಳು, ಗೆದ್ದವರ ಗತ್ತಿನಲ್ಲಿ. "ನಿಮ್ಮ ಕಂಪನಿಗೆ ಒಂದು ನಕ್ಷತ್ರ ಕೊಡಿ."

"ಕಂಪನಿಗೆ ಯಾಕೆ, ರಟ್ಟಿಗೆ ಕೊಡ್ತೀನಿ."

ಕ್ಲಾಸಿನ ಬಾಗಿಲಲ್ಲಿ ಇಳಿಯುವಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ನಾನೇ ಫ್ಯಾನ್ ಹಾಕಿದೆ ಎಂದು. ಕಂಪನಿಯನ್ನು ಕ್ಷಮಿಸಿಬಿಡೋಣ ಅನ್ನಿಸಿತು. ಬಹಳ ದಿನದ ಮೇಲೆ ಆಫೀಸಿನಲ್ಲಿ ಗುನುಗುತ್ತ ಗೆರೆ ಎಳೆದೆ.

ಏಪ್ರಿಲ್ 29, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸ್ಕ್ರೀನಿನಲ್ಲಿ: 'ಹೊಸ ರೂಪಕ್ಕೆ ಸ್ವಾಗತ.' ನಾವು ಮಲಗಿದ್ದಾಗ ಕಂಪನಿ ಇಂಟರ್ನೆಟ್ಟಿನಲ್ಲೇ ಅಪ್‌ಡೇಟ್ ಕಳಿಸಿದೆ. ರಿವರ್ಸ್ ಗೇರ್ ಹಾಕುವ ಗಡಿಬಿಡಿ, ನಾನು ಪೂರ್ತಿ ನೋಡಲಿಲ್ಲ. ನೋಡಬೇಕಿತ್ತು.

ಅವಳು ಮೊದಲನೇ ಗುಂಡಿಯಿಂದ ನಾಲ್ಕು ಬೆರಳು ಅಳೆದು ಒತ್ತಿದಳು. ಸೀಟು ಬಿಸಿಯಾಗತೊಡಗಿತು. ಇನ್ನೊಮ್ಮೆ ಅಳೆದಳು, ಒತ್ತಿದಳು. ಫೋನ್ ರಿಂಗಾಗಿ ಕಾರಿನ ತುಂಬ ಬಾಮೈದನ ದನಿ: "ಹಲೋ ಭಾವ? ಏನು ಬೆಳಿಗ್ಗೇನೇ?" ಅವಳಿಗೆ ಗಾಬರಿ. ಮೂರನೇ ಗುಂಡಿಗೆ ಹಾರಿದಳು. ಬಿಸಿಗಾಳಿ ಭರ್ರೆಂದು ಮುಂದಿನ ಗಾಜಿಗೆ ಹೊಡೆಯಿತು. ಬೆಚ್ಚಿಬಿದ್ದೆ, ಕಣ್ಣು ಸ್ಕ್ರೀನಿನ ಮೇಲೆ ಹೋಯಿತು, ಅಷ್ಟರಲ್ಲಿ ಮುಂದಿನ ಬಸ್ಸು ನಿಂತಿತ್ತು. ಬ್ರೇಕ್. ಬಸ್ಸಿಗೂ ನಮಗೂ ಒಂದು ಗೇಣು.

ಹಿಂದಿನವರು ಹಾರ್ನ್ ಹೊಡೆದರು. ಬಾಮೈದ ಇನ್ನೂ ಹಲೋ ಅನ್ನುತ್ತಿದ್ದ.

"ಏನಾಯ್ತು? ರೀ, ಏನಾಯ್ತು?"

"ಏನಿಲ್ಲ. ಅವರು ಎಲ್ಲ ಜಾಗ ಬದಲಾಯಿಸಿದ್ದಾರೆ."

ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ನನ್ನಿಂದ ಆಕ್ಸಿಡೆಂಟ್ ಆಗ್ತಿತ್ತು," ಎಂದಳು. ಅವಳಿಂದಲ್ಲ ಎಂದು ಹತ್ತು ಸಲ ಹೇಳಿದೆ. ಮಾತಿನಿಂದ ಏನೂ ಆಗಲಿಲ್ಲ.

ಮೇಡಮ್ಮಿಗೆ ಫೋನ್ ಮಾಡಿದೆ. ಹಳೆಯ ರೂಪ ವಾಪಸ್ ಬರುವುದಿಲ್ಲವಂತೆ. ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಹೊಸ ರೂಪ. ಅವರಿಗೂ ಬೇಜಾರಾಯಿತು ಪಾಪ, ದನಿಯಲ್ಲಿ ಗೊತ್ತಾಯಿತು.

ಮೇ 2, ಶುಕ್ರವಾರ

ಬಾಗಿಲು ತೆಗೆದು ಹಿಡಿದಿದ್ದೆ. ಅವಳು ಕಾರಿನ ಮೈ ಸವರುತ್ತ ನನ್ನನ್ನು ದಾಟಿ ಹಿಂದಿನ ಬಾಗಿಲಿಗೆ ಹೋದಳು. ಹಿಂದೆ ಕೂತಳು.

"ಇದೇನು?"

"ಮುಂದೆ ಕೂತು ನಾನು ಮಾಡೋದೇನಿದೆ? ಇಲ್ಲಾದ್ರೆ ಕಾಲು ಚಾಚ್ಬಹುದು."

ಮದುವೆಯಾಗಿ ಮೂವತ್ತೊಂದು ವರ್ಷ. ನನ್ನ ಪಕ್ಕದ ಸೀಟು ಖಾಲಿ ಇಟ್ಟುಕೊಂಡು, ಬಾಡಿಗೆ ಗಾಡಿಯವನ ಹಾಗೆ ಓಡಿಸಿದೆ. ಕನ್ನಡಿಯಲ್ಲಿ ನೋಡಿದರೆ ಅವಳು ಕೈ ಕಟ್ಟಿಕೊಂಡು ಕೂತಿದ್ದಳು. ಅಳು ಬಂತು. ಅವಳಿಗೆ ಕೇಳಿಸಬಾರದೆಂದು ನಾನೇ ರೇಡಿಯೋ ಹಾಕಿದೆ. ನಾಲ್ಕು ಸಲ ತಪ್ಪು ಒತ್ತಿದೆ, ಎರಡು ಕಣ್ಣು ಇಟ್ಟುಕೊಂಡು.

ಮೇ 20, ಮಂಗಳವಾರ

ಎರಡು ವಾರದಿಂದ ಅವಳು ಕ್ಲಾಸಿಗೆ ಹೋಗಿಲ್ಲ. ಮೊದಲ ದಿನ ತಲೆನೋವು. ಆಮೇಲೆ ಸೊಂಟ. ಇವತ್ತು ನೇರವಾಗಿ, "ಸಾಕು ಬಿಡಿ, ವಯಸ್ಸಾಯ್ತು." ಐವತ್ತೆಂಟು ಒಂದು ವಯಸ್ಸೇ!

ಕ್ಲಾಸಿನ ಮೇಲ್ವಿಚಾರಕಿ ಫೋನ್ ಮಾಡಿದ್ದರು. ಬಟ್ಟೆ ಕತ್ತರಿಸಿ ಹಾಗೇ ಇಟ್ಟಿದ್ದಾರಂತೆ, ಕಾಜಾ ಯಾರ ಕೈಯಲ್ಲೂ ಸರಿಯಾಗುತ್ತಿಲ್ಲವಂತೆ. ಅವಳು ಹೂಂ, ಹೂಂ ಎಂದಳು. ಬರುತ್ತೇನೆ ಅನ್ನಲಿಲ್ಲ.

ನಿನ್ನೆ ಮೇಸ್ತ್ರಿ ಹತ್ತಿರ ಹೋಗಿದ್ದೆ, ಹಳೆಯ ಕಾರು ಎಲ್ಲಿದೆಯೋ ಹುಡುಕಿಸಿಕೊಡಪ್ಪ ಎಂದು. "ಎಲ್ಲಿ ಹುಡುಕೋದು ಸಾರ್, ಅದನ್ನ ಗುಜರಿಗೆ ಹಾಕಿ ತಿಂಗಳಾಯ್ತು," ಎಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನು ನಾನು.

ಒಂಬತ್ತು ವರ್ಷ ಅವಳ ಕಣ್ಣು ನಾನೇ ಎಂದು ಮನಸ್ಸಿನೊಳಗೆ ಬೀಗಿದ್ದೇನೆ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯಬಹುದು. ನನ್ನ ಕಣ್ಣು ಅವಳಿಗೆ ಬೇಕಿರಲಿಲ್ಲ. ಆ ಮೂರು ತಿರುಗಣಿ ಬೇಕಿತ್ತು. ಅದನ್ನು ಕಸಿದದ್ದು ಕಂಪನಿಯೊಂದೇ ಅಲ್ಲ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಶೋರೂಮಿಗೆ ಹೋದವನು ಯಾರು?

ಮೇ 23, ಶುಕ್ರವಾರ

ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿ ಡಬ್ಬದ ಸದ್ದು. ಬಾಮೈದ.

"ಅಕ್ಕ, ಎದ್ದೇಳು. ನಾನು ಬಿಡ್ತೀನಿ. ಭಾವ, ನೀವು ಹಿಂದೆ ಕೂತ್ಕೊಳ್ಳಿ."

ನಾನು ಫೋನ್ ಮಾಡಿ ಕರೆಸಿದ್ದೆ. ಅವಳಿಗೆ ಗೊತ್ತಿಲ್ಲ. ಗೊತ್ತಿರಲೂಬಹುದು.

ಒಲ್ಲೆ ಎಂದಳು. "ಆಯ್ತು, ನಾನೂ ಅಂಗಡಿ ಮುಚ್ಚಿ ಇಲ್ಲೇ ಕೂರ್ತೀನಿ. ಕಾಫಿ ಮಾಡು," ಎಂದು ಅವನು ಚಪ್ಪಲಿ ಬಿಟ್ಟ. ತಮ್ಮನ ಹಟ ಅವಳಿಗೆ ಗೊತ್ತು. ಬೈದುಕೊಂಡು ಸೀರೆ ಬದಲಾಯಿಸಿದಳು.

ಡಬ್ಬದಲ್ಲಿ ಮೂವತ್ತು ವರ್ಷದಲ್ಲಿ ಮೊದಲ ಸಲ ಕೂತೆ. ಮೊಣಕಾಲು ಎದೆಗೆ ತಾಗುತ್ತದೆ. ಅವಳು ಮುಂದೆ. ಮೊದಲ ತಿರುವಿನ ತನಕ ಕೈ ಮಡಿಲಲ್ಲೇ ಇತ್ತು. "ಸೆಕೆ ಅಲ್ವಾ ಅಕ್ಕ?" ಎಂದ ಬಾಮೈದ, ರಸ್ತೆ ನೋಡುತ್ತಲೇ. ಅವಳ ಕೈ ಎದ್ದಿತು. ಹೆದರಿಕೊಂಡು, ತೋರುಬೆರಳು ಮಾತ್ರ ಮುಂದೆ.

ಟಕ್. ತಿರುಗಣಿ ಸಿಕ್ಕಿತು. ಒಂದು, ಎರಡು. ಗಾಳಿ ಬಂತು. ಅದರ ಮೇಲಿನದು ರೇಡಿಯೋ. ಹುಡುಕಿದಳು, ತಿರುಗಿಸಿದಳು, ಕರಕರ ಸದ್ದು, ಮತ್ತೆ ತಿರುಗಿಸಿದಳು, ಹಾಡು. ಬೆನ್ನು ಸೀಟಿಗೆ ಆನಿಸಿದಳು. ಹಿಂದಿನಿಂದ ಅವಳ ಭುಜ ಇಳಿದದ್ದು ಕಂಡಿತು ನನಗೆ.

ಬಾಮೈದ ಕನ್ನಡಿಯಲ್ಲಿ ನನ್ನನ್ನು ನೋಡಿದ. ಮೂವತ್ತು ವರ್ಷದ ಬಾಕಿ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವನು ಒಂದೂ ಅಣಕದ ಮಾತು ಆಡಲಿಲ್ಲ. ಈ ಉಪಕಾರ ಮರೆಯಲಾರೆ.

ಸಂಜೆ ಅವಳಿಗೆ ಹೇಳಿದೆ. "ನಿನ್ನನ್ನ ಕೇಳದೇ ಆ ಕಾರು ತಂದೆ. ತಪ್ಪಾಯ್ತು." ಅವಳು ಅಂಗಿಯ ಅಂಚು ಹೊಲಿಯುತ್ತಿದ್ದಳು, ದಾರ ಕಚ್ಚಿ ಕತ್ತರಿಸಿದಳು. "ಗೊತ್ತು. ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ."

ಜೂನ್ 4, ಬುಧವಾರ

ಡಬ್ಬ ಕಂಪನಿಯ ಶೋರೂಮು. ಇಬ್ಬರೂ ಹೋದೆವು. ನಾನು ಒಂದು ಮಾತೂ ಆಡುವುದಿಲ್ಲ ಎಂದು ಮೊದಲೇ ಒಪ್ಪಂದ.

ಅಲ್ಲಿನ ಮಾರಾಟಗಾರ ಎಲ್ಲಕ್ಕಿಂತ ದುಬಾರಿ ಮಾಡೆಲ್ ಹತ್ತಿರ ಕರೆದೊಯ್ದ. ಅವಳು ಬಾಗಿಲು ತೆಗೆದು ಕೂತು ಕೈ ಚಾಚಿದಳು. ಗಾಜು. ಇಳಿದಳು. "ಇದನ್ನ ಕಣ್ಣಿರೋರಿಗೆ ಮಾರಪ್ಪ. ಇದಕ್ಕಿಂತ ಕೆಳಗಿನದು?"

ಅದರಲ್ಲೂ ಗಾಜು. ಇನ್ನೂ ಕೆಳಗಿನದು? ಎಲ್ಲಕ್ಕಿಂತ ಕೆಳಗಿನದು, ಮೂಲೆಯಲ್ಲಿ, ಧೂಳು ಹಿಡಿದಿತ್ತು. ಅವಳು ಕೂತು ಬಾಗಿಲು ಹಾಕಿಕೊಂಡಳು. ಹೊರಗೆ ನಾನೂ ಮಾರಾಟಗಾರನೂ ನಿಂತಿದ್ದೆವು. ಹದಿನೈದು ನಿಮಿಷ. ಫ್ಯಾನು ಏರಿತು, ಇಳಿಯಿತು. ರೇಡಿಯೋ ಬಂತು, ಹೋಯಿತು. ಕಿಟಕಿ ಗಾಜು ಇಳಿಯಿತು, ನಾಲ್ಕು ಬೆರಳು. ಅಲ್ಲಿಂದ ಅವಳ ಮೂಗು ಹೊರಗೆ ಬಂತು.

"ಇದು."

ಮಾರಾಟಗಾರ ಪ್ರಾಮಾಣಿಕ. "ಅಮ್ಮ, ಇದೇ ಕೊನೇ ಲಾಟು. ಮುಂದಿನ ವರ್ಷದಿಂದ ಇದಕ್ಕೂ ಸ್ಕ್ರೀನೇ. ಎಲ್ಲರೂ ಅದನ್ನೇ ಕೇಳ್ತಾರೆ."

ಅಂದರೆ ಇವರೂ ಅದೇ ದಾರಿ. ಮನಸ್ಸಿಗೆ ಪಿಚ್ಚೆನಿಸಿತು. ಅವಳು ಆರಾಮಾಗಿ ಅಂದಳು, "ಹಳೇದು ಹದಿನಾರು ವರ್ಷ ಬಂತು. ಇದೂ ಅಷ್ಟು ಬಂದ್ರೆ ನನಗೆ ಎಪ್ಪತ್ತನಾಲ್ಕು. ಆಮೇಲೆ ನೋಡ್ಕೊಳ್ಳೋಣ."

ಟೆಸ್ಟ್ ಡ್ರೈವ್ ಮಾಡಿದೆ. ಬದುಕಿನಲ್ಲಿ ಮೊದಲ ಸಲ.

ಜೂನ್ 14, ಶನಿವಾರ

ನಮ್ಮ ಕಂಪನಿಯ ಕಾರು ಬೆಳಿಗ್ಗೆ ಹೋಯಿತು. ಕೊಂಡವರು ಅಂಚಿನ ಮೂರು ಗುಂಡಿ ನೋಡಿ ಏನಿದು ಎಂದರು. ಕಿತ್ತು ಜೇಬಿಗೆ ಹಾಕಿಕೊಂಡೆ. ಗೇಟಿನ ತನಕ ಹೋಗಿ ನಿಂತಿದ್ದೆ. ಮೋಸ ಅವರದೋ ನನ್ನದೋ ಗೊತ್ತಿಲ್ಲ, ದುಃಖವಂತೂ ಆಯಿತು.

ಸಂಜೆ ಡಬ್ಬ ಬಂತು. ಕೀಲಿಯನ್ನು ಹಳೆಯ ಕೀಚೈನಿಗೇ ಸಿಕ್ಕಿಸಿದೆ, ನಮ್ಮ ಕಂಪನಿಯ ಲಾಂಛನ ಇರುವುದಕ್ಕೆ. ಅವಳು ಕೈಗೆ ತೆಗೆದುಕೊಂಡು ಬೆರಳಾಡಿಸಿದಳು.

"ಇದನ್ನ ಬಿಡಲ್ವಾ?"

"ಇರಲಿ ಬಿಡು."

"ಇರಲಿ," ಎಂದಳು.

ಜೂನ್ 17, ಮಂಗಳವಾರ. ಬೆಳಿಗ್ಗೆ 8.40

ಅವಳು ಆಗಲೇ ಕಾರಿನಲ್ಲಿ ಕೂತಿದ್ದಾಳೆ, ಕ್ಲಾಸಿನ ಚೀಲ ತೊಡೆಯ ಮೇಲೆ ಇಟ್ಟುಕೊಂಡು. ಮುಂದೆ. ಕೀಲಿಯೂ ಅವಳ ಹತ್ತಿರವೇ. ಕನ್ನಡಕ ಹುಡುಕಿ ಬರುತ್ತೇನೆ ಎಂದು ಒಳಗೆ ಬಂದವನು ಇದನ್ನು ಬರೆಯುತ್ತಿದ್ದೇನೆ. ಈ ಡಬ್ಬದ ಬಗ್ಗೆ ಒಂದು ದೂರು ಇದೆ, ಮರೆಯುವ ಮುಂಚೆ ಬರೆದಿಡಬೇಕು. ಸ್ಟೀರಿಂಗು ಎಡಕ್ಕೆ ಎಳೆಯುತ್ತದೆ. ಬಾಗಿಲ ಸದ್ದು ಹೇಳುವುದೇ ಬೇಡ. ನಮ್ಮ ಕಂಪನಿಯ ಬಾಗಿಲು...

ಹೊರಗೆ ರೇಡಿಯೋ ಶುರುವಾಯಿತು. ವಾರ್ತೆ. ಇನ್ನರ್ಧ ಸುತ್ತು, ಹಳೆಯ ಹಾಡು. ಈಗ ವಾಲ್ಯೂಮ್ ಏರಿಸುತ್ತಿದ್ದಾಳೆ, ನನ್ನನ್ನು ಕರೆಯಲೆಂದೇ. ಎದುರು ಮನೆಯವರು ಕಿಟಕಿಗೆ ಬಂದರು. ಇನ್ನೂ ಏರಿಸಿದಳು. ಬಂದೆ ಕಣೇ, ಬಂ—